ಗೇಟಿನ ಕಂಬಗಳು

ಲಕ್ವ ಹೊಡೆದು ಒಂದು ಕಾಲು ಬಿದ್ದುಹೋದ ಮೇಲೆ ಮೊದಲ ಸಲ ಪಾರ್ಕಿಗೆ ಹೊರಟಿದ್ದೆ, ಹೊಸ ಮೂರು ಚಕ್ರದ ಸ್ಕೂಟರಿನಲ್ಲಿ. ಕೊಳದ ಹಿಂದಿನ ಕಾಲುದಾರಿಗಳನ್ನೆಲ್ಲ ಸುತ್ತುವ ಆಸೆ. ಗೇಟಿನಲ್ಲಿ ನೆಟ್ಟಿದ್ದ ಕಬ್ಬಿಣದ ಕಂಬಗಳ ನಡುವೆ ಸ್ಕೂಟರು ಸಿಕ್ಕಿಕೊಂಡಿತು.

ಕಸ ಗುಡಿಸುತ್ತಿದ್ದ ಚಿಕ್ಕತಾಯಮ್ಮ ಓಡಿಬಂದು ಹಿಂದಕ್ಕೆ ಎಳೆದಳು.

“ದಿನಾ ಇದೇ ಗೋಳು ಸಾ. ನಿನ್ನೆ ಒಂದು ಮಗು ಗಾಲಿಕುರ್ಚೀಲಿ ಬಂದು ಅಳ್ತಾ ವಾಪಸ್ ಹೋಯ್ತು. ಯಾವ ಪುಣ್ಯಾತ್ಮ ಹಾಕಿಸಿದ್ನೋ!”

“ಬೈಕಿನವರು ನುಗ್ತಾರೆ ಅಂತ ಹಾಕಿಸಿರಬೇಕು.”

“ಹಂಗಂತ ನಿಮ್ಮಂಥೋರು ಎಲ್ಲಿಗೆ ಹೋಗ್ಬೇಕು? ದಾನ ಕೊಟ್ಟೋರ ಹೆಸರು ಆ ಕಲ್ಲಲ್ಲಿದೆಯಂತೆ. ನಂಗೆ ಓದಕ್ಕೆ ಬರಲ್ಲ. ನೀವು ಓದಿ ಹೇಳಿ, ಅವರ ಮನೇಗೇ ಹೋಗಿ ಕೇಳ್ತೀನಿ.”

ಕಲ್ಲಿನ ಮೇಲಿದ್ದ ನನ್ನ ಹೆಸರನ್ನು ಎರಡು ಸಲ ಓದಿಕೊಂಡು, “ಅಳಿಸಿಹೋಗಿದೆ ತಾಯಿ” ಎಂದೆ.