ನಡುಗಡ್ಡೆಗೆ ಕೇಳಿಸಿದ ಗುಂಡು

ನಿನ್ನೆ ಮೊಮ್ಮಗಳಿಗೆ ಹೆಣ್ಣು ಮಗು ಹುಟ್ಟಿತು. ನಾನೇ ಹಠ ಹಿಡಿದು ಅಂಗಳದಲ್ಲಿ ಕೋವಿ ಹೊಡೆಸಿದೆ, ಆ ಮದ್ದಿನ ವಾಸನೆ ಇನ್ನೂ ಮೂಗಿನಲ್ಲಿದೆ.

ಬ್ರಿಟಿಷರ ಕಾಲ, ನಾನು ಎರಡನೇ ಕ್ಲಾಸು. ಅವ್ವನಿಗೆ ಎರಡು ದಿನದಿಂದ ಹೆರಿಗೆ ನೋವು. ಅಜ್ಜ ನನ್ನನ್ನು ತೆಪ್ಪದಲ್ಲಿ ಕಾವೇರಿಯ ನಡುಗಡ್ಡೆಗೆ ಕರೆದುಕೊಂಡು ಹೋದರು.

"ಇವತ್ತು ಇದೇ ನಿನ್ನ ಶಾಲೆ, ಕೂಸೇ. ನೀರುನಾಯಿ ಬಂದ್ರೆ ಸ್ಲೇಟಲ್ಲಿ ಗೀಟು ಹಾಕು, ಬಾಯಿ ಬಿಡ್ಬೇಡ."

ಬಿದಿರ ಮೆಳೆಯ ಹಿಂದೆ ಕೂತೆವು. ಮಧ್ಯಾಹ್ನ ತಾಯಿ ನೀರುನಾಯಿಯೊಂದು ಮೂರು ಮರಿಗಳ ಜೊತೆ ಬಂಡೆ ಏರಿತು. ಒದ್ದೆ ಮೈ ಎಣ್ಣೆ ಹಚ್ಚಿದಂತೆ ಮಿನುಗುತ್ತಿತ್ತು. ಅಜ್ಜ ಮಾತ್ರ ಮನೆಯ ದಿಕ್ಕಿಗೇ ತಿರುಗಿ ಕೂತಿದ್ದರು.

"ಅಜ್ಜ, ಇಲ್ಲಿ ನೋಡಿ!" ಎಂದು ಪಿಸುಗುಟ್ಟಿದೆ.

"ನೀನು ನೋಡು. ನಾನು ಕೇಳ್ತಾ ಇದ್ದೇನೆ."

ಮನೆಯ ಕಡೆಯ ದಡದಲ್ಲಿ ಕೋವಿ ಢಂ ಎಂದಿತು. ನೀರುನಾಯಿಗಳು ಮಾಯ! ನಾನು ಅಳತೊಡಗಿದೆ. ಅಜ್ಜ ಅಂಗೈಯಿಂದ ನನ್ನ ಬಾಯಿ ಮುಚ್ಚಿದರು. ನಮ್ಮಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು, ಸಾವಾದರೆ ಒಂದರ ಹಿಂದೆ ಒಂದು, ಎರಡು. ಕಾದೆವು. ಹೊಳೆಯ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ.

"ಒಂದೇ ಕೂಸೇ, ಒಂದೇ! ತಮ್ಮ ಬಂದ, ನಿನ್ನವ್ವನೂ ಉಳಿದ್ಳು!" ಎಂದು ಅಜ್ಜ ನನ್ನನ್ನು ಹೆಗಲಿಗೇರಿಸಿಕೊಂಡು, ತೆಪ್ಪವನ್ನೇ ಮರೆತು, ಎದೆಮಟ್ಟದ ನೀರಿಗೆ ಇಳಿದುಬಿಟ್ಟರು.