ಮೇಷ್ಟ್ರ ಕಾಲು

ಏರಿನ ನಟ್ಟನಡುವೆ ಎಂಜಿನ್ ಆಫ್ ಆಗಿ ಕಾರು ಒಂದು ಗೇಣು ಹಿಂದಕ್ಕೆ ಜಾರಿತು. ಸ್ಟಿಯರಿಂಗ್ ಹಿಡಿದಿದ್ದವಳು ಬ್ರೇಕ್ ತುಳಿದು ನಿಲ್ಲಿಸಿದಳು. ಹಿಂದಿದ್ದ ಹಾಲಿನ ಲಾರಿ ಹಾರ್ನ್ ಬಾರಿಸಿತು. ಅವಳು ಡ್ರೈವಿಂಗ್ ಮೇಷ್ಟ್ರ ಹೆಂಡತಿ. ಪಕ್ಕದಲ್ಲಿ ಸ್ವತಃ ಮೇಷ್ಟ್ರು. ಹಿಂದಿನ ಸೀಟಿನಲ್ಲಿ ಲೈಸೆನ್ಸ್ ಪರೀಕ್ಷೆಯ ಇನ್‌ಸ್ಪೆಕ್ಟರ್, ತೊಡೆಯ ಮೇಲೆ ಅವಳ ಅರ್ಜಿ.

ಕಲಿಸುವ ಕಾರಾದ್ದರಿಂದ ಮೇಷ್ಟ್ರ ಕಾಲಬಳಿಯೂ ಒಂದು ಬ್ರೇಕಿತ್ತು. ಅವರು ಅದನ್ನು ಮುಟ್ಟಿದರೆ ಹೆಂಡತಿ ಫೇಲು. ಹಿಂದಿನ ಮೂರು ಸಲವೂ ಆಗಿದ್ದು ಅದೇ. ಅವಳೇನೂ ತಪ್ಪು ಮಾಡಿರಲಿಲ್ಲ; ಹದಿನೆಂಟು ವರ್ಷ ಕಲಿಸಿ ಪಳಗಿದ ಮೇಷ್ಟ್ರ ಕಾಲು ತಾನಾಗಿಯೇ ಒತ್ತಿಬಿಟ್ಟಿತ್ತು. ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ನರ್ಸ್ ಕೆಲಸ ಅವಳಿಗೆ ಸಿಕ್ಕಿತ್ತು. ಆದರೆ ನಾಳೆಯೊಳಗೆ ಲೈಸೆನ್ಸ್ ತೋರಿಸಬೇಕು.

ಮೇಷ್ಟ್ರಿಗೆ ಪ್ರಾಚೀನ ಗ್ರೀಸಿನ ಸ್ಟೋಯಿಕ್ ತತ್ತ್ವಜ್ಞಾನಿಗಳೆಂದರೆ ಪಂಚಪ್ರಾಣ. ಕಲಿಯಲು ಬಂದವರಿಗೆಲ್ಲ ಕ್ಲಚ್ಚಿಗಿಂತ ಮೊದಲು ಅವರ ಪಾಠ: ನಮ್ಮ ಹತೋಟಿಯಲ್ಲಿರುವುದನ್ನು ಸರಿಯಾಗಿ ಮಾಡು, ಉಳಿದದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡ. ಈಗ ಅವರದೇ ತಲೆ ಕೆಟ್ಟಿತ್ತು. ಮತ್ತೆ ಹೊರಡುವಾಗ ಜಾರಿದರೆ ನೇರ ಲಾರಿಗೇ! ಕಾಲು ಪೆಡಲಿನ ಮೇಲೆ, ಕೂದಲೆಳೆಯಷ್ಟು ಅಂತರದಲ್ಲಿ ನಡುಗುತ್ತಿತ್ತು.

“ರೀ, ಕಾಲು!”

“ಮುಟ್ಟಿಲ್ಲ ಕಣೇ! ಲಾರಿ... ಲಾರಿ ನೋಡು!”

“ಲಾರಿ ನಾನು ನೋಡ್ಕೋತೀನಿ. ನೀವು ನಿಮ್ಮ ಕಾಲು ನೋಡ್ಕೊಳ್ಳಿ. ಈಗ ನಿಮ್ಮ ಹತೋಟೀಲಿರೋದು ಅದೊಂದೇ.”

“ಅದೇ ಇಲ್ವಲ್ಲೇ!”

ಹಿಂದಿನಿಂದ ಇನ್‌ಸ್ಪೆಕ್ಟರ್ ಕೆಮ್ಮಿದರು. “ಇವತ್ತು ಪರೀಕ್ಷೆ ಯಾರ್ದು, ಮೇಷ್ಟ್ರೇ?”

ಮೇಷ್ಟ್ರು ಎರಡೂ ಕಾಲು ಎತ್ತಿ, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ, ಪಾದಗಳನ್ನು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು.

ಅವಳು ಹ್ಯಾಂಡ್‌ಬ್ರೇಕ್ ಎಳೆದಳು. ಎಂಜಿನ್ ಶುರುಮಾಡಿ, ಕ್ಲಚ್ ಒಂದಿಷ್ಟೇ ಬಿಟ್ಟು, ಕಾರಿನ ಮೂತಿ ಮೇಲೇಳುವವರೆಗೆ ಕಾದಳು. ಲಾರಿ ಮತ್ತೆ ಅರಚಿತು. ಅವಳ ಹುಬ್ಬೂ ಅಲುಗಲಿಲ್ಲ. ಹ್ಯಾಂಡ್‌ಬ್ರೇಕ್ ಇಳಿಸಿದ್ದೇ ತಡ, ಕಾರು ಗುರ್ರೆಂದು ಏರು ಹತ್ತಿತು. “ಹೋಗು! ಹೋಗು! ಹೋಗೇ!” ಮೇಷ್ಟ್ರು ಕೂತಲ್ಲೇ ಕುಪ್ಪಳಿಸಿದರು.

ತುದಿ ತಲುಪಿದಾಗ ಇನ್‌ಸ್ಪೆಕ್ಟರ್ ಅರ್ಜಿಗೆ ಸಹಿ ಹಾಕಿದರು. “ಪಾಸಾದ್ರಿ, ಅಮ್ಮಾ. ಮೇಷ್ಟ್ರೇ, ಇನ್ನು ಕಾಲು ಇಳಿಸಿ.”

“ಬೇಡ ಸಾರ್,” ಎಂದರು ಮೇಷ್ಟ್ರು, ಭುಜಕ್ಕೆ ಕಣ್ಣೊರೆಸಿಕೊಳ್ಳುತ್ತ. “ಮುಂದೆ ಇಳಿಜಾರಿದೆ.”