ಓತಿಕ್ಯಾತಗಳ ಸಂಸಾರ

"ಓತಿಕ್ಯಾತ ನೋಡಾಕ ಪಗಾರ ಕೊಡ್ತಾರೇನವಾ?" ಹೆಣ್ಣು ನೋಡಲು ವಿಕ್ರೋಳಿಯಿಂದ ಸಯನ್‌ಗೆ ಬಂದಿದ್ದ ಲಕ್ಷ್ಮವ್ವ ನಗು ತಡೆದುಕೊಂಡು ಕೇಳಿದಳು. ಪಕ್ಕದಲ್ಲಿ ಮಗ ಅನಿಲಕುಮಾರ ಸೋಫಾಕ್ಕೆ ಒರಗಿ ಫೋನ್ ನೋಡುತ್ತಿದ್ದ.

"ಕೊಡ್ತಾರ್ರೀ," ಎಂದಳು ಎದುರು ಕೂತಿದ್ದ ಹುಡುಗಿ, ಓತಿಕ್ಯಾತಗಳ ಸಂಶೋಧನೆ ಮಾಡುವ ನೇತ್ರಾ. "ಗಂಡು-ಹೆಣ್ಣಿನ ಸಂಖ್ಯಾ ಏರುಪೇರಾದ್ರ ಅವುಗಳ ಸಂಸಾರ ಹ್ಯಾಂಗ ಬದಲಾಗತೈತಿ ಅಂತ ನೋಡತೀನ್ರೀ. ಹೆಣ್ಣು ಹೆಚ್ಚಿದ್ದಲ್ಲಿ ಒಂದ ಗಂಡು ನಾಕು ಹೆಣ್ಣು ಕಟಗೊಂಡು ಮೆರೀತೈತಿ. ಗಂಡು ಹೆಚ್ಚಾದಲ್ಲಿ ಆರಿಸೋದು ಹೆಣ್ಣು. ಇದು ಬ್ಯಾಡ ಅಂದ್ರ ಇನ್ನೊಂದು ಕಾಯಾಕತ್ತಿರತೈತಿ."

ಲಕ್ಷ್ಮವ್ವನ ಚಹಾದ ಕಪ್ಪು ತುಟಿಯ ಬಳಿಯೇ ನಿಂತಿತು. ಎರಡು ವರ್ಷದಲ್ಲಿ ಹನ್ನೊಂದು ಹುಡುಗಿಯರು ಅವಳ ಮಗನನ್ನು ಬೇಡವೆಂದಿದ್ದರು.

"ನಮಗಿಂತ ಮೊದಲ ಯಾರರೆ ಬಂದಿದ್ರೇನವಾ?"

"ಈ ತಿಂಗಳದಾಗ ನೀವು ಆರನೇದವರ್ರೀ."

ಲಕ್ಷ್ಮವ್ವ ಕಪ್ಪು ಕೆಳಗಿಟ್ಟು ಮಗನ ಕೈಯಿಂದ ಫೋನ್ ಕಸಿದುಕೊಂಡಳು.

"ನೆಟ್ಟಗ ಕೂಡೋ," ಎಂದಳು ಮೆಲ್ಲಗೆ. "ಅಕಿ ನೋಡಾಕತ್ತಾಳ."